ಶಿವರಾಂಪೇಟೆಯ ಬ್ಲೌಸ್ ಟೈಲರ್: ದಿನ ಹೇಳಿ ಕೊಡುವವರು

ಮೈಸೂರಿನಲ್ಲಿ ಬ್ಲೌಸ್ ಹೊಲಿಯುವವರಿಗೆ ಬರವಿಲ್ಲ. ಹೇಳಿದ ದಿನಕ್ಕೆ ಕೊಡುವವರು ಕಮ್ಮಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೇರೆ ಕಡೆ ಹನ್ನೊಂದು ವರ್ಷ ಹೊಲಿಸಿದೆ. ಆ ಅಂಗಡಿಯ ಹೆಸರು ಬೇಡ. ಕೈ ಚೆನ್ನಾಗಿತ್ತು, ಹೇಳಿದ ಮಾತು ಉಳಿಸಿಕೊಳ್ಳುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಅವರ ಒಂದೊಂದು ಮಾತಿನ ಅರ್ಥ ನನಗೆ ಬಾಯಿಪಾಠ ಆಗಿಹೋಗಿತ್ತು. 'ನಾಳೆ ಬನ್ನಿ ಅಕ್ಕಾ' ಅಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ. 'ಒಂದೆರಡು ದಿನ ಬಿಟ್ಟು ಬನ್ನಿ' ಅಂದರೆ ಒಂದು ವಾರ. 'ಹಬ್ಬ ಮುಗೀಲಿ' ಅಂದರೆ ತಿಂಗಳು. 'ನೋಡೋಣ' ಅಂದರೆ ಆಗಲ್ಲ ಅಂತಲೇ. ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು 'ಇನ್ನೇನು ಆಯ್ತು, ಹುಕ್ಸ್ ಒಂದು ಬಾಕಿ'.

ಹೋದ ಶ್ರಾವಣದಲ್ಲಿ ಅಕ್ಕನ ಮಗಳ ಮದುವೆ. ಧಾರೆಯ ಹಿಂದಿನ ರಾತ್ರಿವರೆಗೂ ಹುಕ್ಸ್ ಬಾಕಿಯೇ ಇತ್ತು. ಅಮ್ಮನ ಮೈಸೂರು ಸಿಲ್ಕ್ ಸೀರೆ ಬೀರುವಿನಲ್ಲೇ ಉಳಿಯಿತು. ಮಾನಂದವಾಡಿ ರಸ್ತೆಯ ಫ್ಯಾಕ್ಟರಿ ಹತ್ತಿರ ಅಪ್ಪ ಕೊಡಿಸಿದ್ದ ಸೀರೆ ಅದು. 1912ರಲ್ಲಿ ಶುರುವಾದ ಫ್ಯಾಕ್ಟರಿ, ಗೊತ್ತಲ್ವಾ? ಅವತ್ತು ಅಮ್ಮ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಸಂಕಟ.

ಈ ಸಲ ಅದೇ ಸೀರೆಗೆ ಹೊಸ ಬ್ಲೌಸ್ ಪೀಸ್ ತೆಗೆದುಕೊಂಡು ಶಿವರಾಂಪೇಟೆಯ ಈ ಸಣ್ಣ ಅಂಗಡಿಗೆ ಹೋದೆ. ಮೆಟ್ಟಿಲು ಕಡಿದಾಗಿದೆ, ಗಾಡಿ ನಿಲ್ಲಿಸಲು ಜಾಗವಿಲ್ಲ. ಮಾಸ್ಟರ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. 'ರೇಷ್ಮೆ ಮೇಡಂ, ಹೊಲಿದು ಬಿಚ್ಚಿದರೆ ಸೂಜಿ ತೂತು ಹಾಗೇ ಕಾಣುತ್ತೆ' ಎಂದು ಹೇಳಿ, ಮೊದಲು ಲೈನಿಂಗಿನಲ್ಲಿ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡಿದರು. ಆಮೇಲೆಯೇ ರೇಷ್ಮೆಗೆ ಕತ್ತರಿ. ಚೀಟಿಗೆ ಬಟ್ಟೆಯ ಚೂರು ಪಿನ್ ಮಾಡಿ, ಶುಕ್ರವಾರ ಎಂದು ಬರೆದುಕೊಟ್ಟರು.

ಗುರುವಾರ ಅವರೇ ಫೋನ್ ಮಾಡಿದರು. 'ಮೇಡಂ, ಲೈನಿಂಗ್ ನೀರಿಗೆ ಹಾಕಿದೆ, ಬಣ್ಣ ಬಿಟ್ಟುಬಿಡ್ತು. ಬೇರೆ ತರಬೇಕು. ನಾಳೆ ಆಗಲ್ಲ. ಸೋಮವಾರ ಸಂಜೆ ಐದಕ್ಕೆ ಬನ್ನಿ.'

ಇದನ್ನು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಮರುದಿನ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಹೇಳಿದೆ. ಪೇಪರಿನಲ್ಲಿ 'ಪರೀಕ್ಷೆ ಮುಂದೂಡಿಕೆ' ಅಂತ ಬರುತ್ತದೆ, 'ನೆನೆಗುದಿಗೆ ಬಿದ್ದ ಕಾಮಗಾರಿ' ಅಂತಲೂ ಬರುತ್ತದೆ. ಎರಡೂ ಒಂದೇ ಅಲ್ಲ. ಮುಂದೂಡಿದ ಕೆಲಸ ಇನ್ನೊಂದು ದಿನಕ್ಕಾಗಿ ಕಾಯುತ್ತಿರುತ್ತದೆ. ನೆನೆಗುದಿಗೆ ಬಿದ್ದದ್ದನ್ನು ಯಾರೂ ಕೇಳುವವರೇ ಇರಲ್ಲ. ಕೋರ್ಟಿನಲ್ಲಿ ವಾಯ್ದೆ ಹಾಕಿದರೂ ಅದಕ್ಕೊಂದು ತಾರೀಖು ಕೊಡುತ್ತಾರೆ. ಹಳೆಯ ಅಂಗಡಿಯವರು ಹೇಳುತ್ತಿದ್ದದ್ದು ಸಬೂಬು, ನನ್ನನ್ನು ಸಾಗಹಾಕುವ ಮಾತು. ಈ ಮಾಸ್ಟರ್ ಮಾಡಿದ್ದು ಮುಂದಕ್ಕೆ ಹಾಕಿದ್ದು. ಎರಡನ್ನೂ ನಾವು ಸುಮ್ನೆ 'ಲೇಟು' ಅಂದುಬಿಡುತ್ತೇವೆ.

ಸೋಮವಾರ ಹತ್ತು ನಿಮಿಷ ಮೊದಲೇ ಹೋದೆ. ಬ್ಲೌಸ್ ರೆಡಿ ಇತ್ತು, ಹುಕ್ಸ್ ಸಮೇತ. ಜರಿಯ ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಿದ್ದರು. ತೋಳು, ಕುತ್ತಿಗೆ ಎಲ್ಲ ಸರಿಯಾಗಿ ಕೂತಿದೆ. ಲೈನಿಂಗ್ ಸೇರಿ 700 ರೂಪಾಯಿ. ಬುಧವಾರ ನಾದಿನಿಯ ಮನೆ ಗೃಹಪ್ರವೇಶಕ್ಕೆ ಆ ಸೀರೆಯನ್ನೇ ಉಟ್ಟೆ. ಅಮ್ಮ ಸೆರಗಿನ ಜರಿ ಮುಟ್ಟಿ ನೋಡಿದರು.

ಒಂದು ವಿಷಯ ತಿಳಿದಿರಲಿ. ದಸರಾ ಹತ್ತಿರ ಬಂದಾಗ ಹೋಗಬೇಡಿ. ಕೆಲಸ ತುಂಬಿದ್ದರೆ 'ಆಗಲ್ಲ ಮೇಡಂ' ಎಂದು ಮುಖಕ್ಕೇ ಹೇಳುತ್ತಾರೆ. ನನ್ನ ಗೆಳತಿ ಹಾಗೆ ವಾಪಸ್ ಬಂದಳು, ಬೇಜಾರು ಮಾಡಿಕೊಂಡಳು. ನನಗಂತೂ ಆ 'ಆಗಲ್ಲ' ಇಷ್ಟವಾಯಿತು. ಬೇರೆ ಕಡೆ ಕೊಡಲು ಅವಳಿಗೆ ದಿನ ಉಳಿಯಿತಲ್ವಾ?

ನಿನ್ನೆ ಇನ್ನೆರಡು ಬ್ಲೌಸ್ ಕೊಟ್ಟು ಬಂದೆ. ಚೀಟಿಯಲ್ಲಿ 14, ಸಂಜೆ 5 ಎಂದು ಬರೆದಿದ್ದಾರೆ.