ಮಂಗಳೂರಿಗೆ ಬ್ಯಾಗ್: ಮಳೆಗೆ ಯಾವುದು, ಸೆಕೆಗೆ ಯಾವುದು?

ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವವರು ಬ್ಯಾಗ್ ತುಂಬುವಾಗ ಬಿಸಿಲೆಷ್ಟು, ಚಳಿಯೆಷ್ಟು ಅಂತ ಲೆಕ್ಕ ಹಾಕುತ್ತಾರೆ. ನಾನು ನೋಡುವುದು ಒಂದೇ: ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಒಣಗುತ್ತದಾ? ಅಲ್ಲಿನ ಗಾಳಿಯಲ್ಲಿ ವರ್ಷವಿಡೀ ನೀರಿನ ಪಸೆ. ಮಳೆಯಂತೂ ವರ್ಷಕ್ಕೆ 3,500 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ.

ಹಾಗಾಗಿ ಕಷ್ಟವೆಲ್ಲ ಮಳೆಗಾಲದ ಬ್ಯಾಗಿನದ್ದೇ. ಕೊಡೆಯೋ ರೇನ್‌ಕೋಟೋ? ಎರಡನ್ನೂ ಜುಲೈ ಮಳೆಯಲ್ಲೇ ಬಳಸಿ ನೋಡಿದ್ದೇನೆ. ನಡೆದು ಓಡಾಡುವವರಿಗೆ ಕೊಡೆಯೇ ಸರಿ. ಮಳೆ ಸುರಿಯುತ್ತಿದ್ದರೂ ಅಲ್ಲಿ ಚಳಿಯಿಲ್ಲ. ರೇನ್‌ಕೋಟ್ ಹಾಕಿಕೊಂಡು ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತಿದರೆ ಬೆವರಿಗೇ ಅಂಗಿ ಒದ್ದೆ. ಆದರೆ ಬ್ಯಾಗಿನಲ್ಲಿ ಹಿಡಿಯುತ್ತದೆ ಅಂತ ಮಡಚುವ ಪುಟ್ಟ ಕೊಡೆ ತರಬೇಡಿ, ಕಡಲ ಗಾಳಿಗೆ ಮಗುಚಿಕೊಳ್ಳುತ್ತದೆ. ಉದ್ದ ಹಿಡಿಯ ಕೊಡೆಯನ್ನು ದಾರಿಯುದ್ದಕ್ಕೂ ಕೈಯಲ್ಲೇ ಹಿಡಿದುಕೊಳ್ಳಬೇಕು, ಆದರೂ ನನ್ನ ಓಟು ಅದಕ್ಕೇ. ಸ್ಕೂಟರ್ ಓಡಿಸುವವರಿಗೆ ಮಾತ್ರ ರೇನ್‌ಕೋಟ್, ಅದೂ ಪ್ಯಾಂಟ್ ಸಮೇತ.

ಜೀನ್ಸ್ ಮನೆಯಲ್ಲೇ ಇರಲಿ. ಒಮ್ಮೆ ನೆಂದರೆ ರಾತ್ರಿಯಿಡೀ ಫ್ಯಾನ್ ಕೆಳಗೆ ಹಾಕಿದರೂ ಸೊಂಟದ ಪಟ್ಟಿ ಹಸಿ ಹಸಿ. ತೆಳು ಸಿಂಥೆಟಿಕ್ ಪ್ಯಾಂಟ್ ಅದಕ್ಕಿಂತ ಎಷ್ಟೋ ಮೇಲು. ಟರ್ಕಿ ಟವೆಲ್ ಕೂಡ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿನವರು ಬಳಸುವ ಬೈರಾಸು ಅನ್ನುವ ತೆಳು ಟವೆಲನ್ನು ಹಿಂಡಿ ಹಾಕಿದರೆ ಸಾಕು, ಬೇಗ ಒಣಗುತ್ತದೆ.

ಚಪ್ಪಲಿಯ ವಿಷಯದಲ್ಲಿ ಸ್ವಲ್ಪ ಹುಷಾರು ಬೇಕು. ಚರ್ಮದ ಶೂಗೆ ಬೂಷ್ಟು ಹಿಡಿಯುತ್ತದೆ. ಕ್ಯಾನ್ವಾಸ್ ನಾರುತ್ತದೆ. ಹವಾಯಿ ಚಪ್ಪಲಿ ಕ್ಷಣದಲ್ಲಿ ಒಣಗುತ್ತದೆ ನಿಜ, ಆದರೆ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲ ಮೇಲೆ ಜಾರುತ್ತದೆ, ಕೆಂಪು ಕೆಸರನ್ನು ಬೆನ್ನಿನವರೆಗೂ ಸಿಡಿಸುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ತಗೊಳ್ಳಿ. ಈಜುವ ಬಟ್ಟೆ ಸುಮ್ನೆ ಭಾರ. ಆ ಕಡಲಿಗೆ ಆಗ ಇಳಿಯಲೇಬಾರದು.

ಬೇಸಿಗೆಗೆ ಈ ಲೆಕ್ಕವೆಲ್ಲ ತಲೆಕೆಳಗು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 34 ಡಿಗ್ರಿ ಅಂದರೆ ರಾಯಚೂರಿನವರಿಗೆ ಏನೂ ಅಲ್ಲ ಅನ್ನಿಸಬಹುದು. ಆದರೆ ಇದು ಸೆಕೆ, ಬೆವರು ಆರುವುದೇ ಇಲ್ಲ. ಮಳೆಗಾಲದಲ್ಲಿ ಕೈಹಿಡಿದ ಸಿಂಥೆಟಿಕ್ ಈಗ ಮೈಗೆ ಅಂಟುತ್ತದೆ. ತೆಳು ಕಾಟನ್ನೇ ಬೇಕು, ಅದೂ ಜಾಸ್ತಿ, ಯಾಕೆಂದರೆ ಸಂಜೆ ಸ್ನಾನ ಮಾಡಿ ಅಂಗಿ ಬದಲಿಸದೆ ಇರಲಾಗದು. ರಾತ್ರಿಗೆ ಲುಂಗಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ತಣ್ಣೀರುಬಾವಿ ಬೀಚಿಗೆ ಹೋಗುವ ಆಸೆಯಿದ್ದರೆ ಟೋಪಿಯೂ ಇರಲಿ.

ಡಿಸೆಂಬರ್, ಜನವರಿಗೆ ಹೆಚ್ಚೇನೂ ಬೇಡ. ಮಂಗಳೂರಿನಲ್ಲಿ ರಾತ್ರಿಯೂ 20 ಡಿಗ್ರಿಗಿಂತ ತೀರಾ ಕೆಳಗೆ ಇಳಿಯುವುದು ಅಪರೂಪ. ಹೆಚ್ಚಿನವರು ಸ್ವೆಟರ್ ತರುತ್ತಾರೆ, ಅದು ಸಕಲೇಶಪುರ ದಾಟುವವರೆಗೆ ಮಾತ್ರ ಉಪಯೋಗ. ನಾನು ಒಯ್ಯುವುದು ತೆಳು ಶಾಲು. ಎಸಿ ಬಸ್ಸಿನಲ್ಲಿ ಹೊದೆಯಬಹುದು. ಆ ತಿಂಗಳುಗಳಲ್ಲಿ ಕಂಬಳ, ಯಕ್ಷಗಾನ ಎರಡೂ ಇರುತ್ತವಲ್ವಾ, ಬಯಲಾಟ ನೋಡುತ್ತಾ ಕೂತಾಗ ಅದೇ ಶಾಲನ್ನು ಇಬ್ಬನಿಗೆ ತಲೆಗೆ ಸುತ್ತಿಕೊಳ್ಳಬಹುದು, ಬೇಕಾದರೆ ನೆಲಕ್ಕೆ ಹಾಸಲೂಬಹುದು.