ಬಿಯೇಗೆ ಹೋಗುವವರೇ, ಬಿಳಿ ಬೋರ್ಡ್ ವ್ಯಾನ್ ಹತ್ತಬೇಡಿ

ಚಳಿಗಾಲದಲ್ಲಿ ಜಪಾನಿನ ಹೊಕ್ಕೈಡೊಗೆ ಹೋಗುವ ಯೋಚನೆ ಇದೆಯಾ? ಅದರಲ್ಲೂ ಬಿಯೇ ಎಂಬ ಊರು ನಿಮ್ಮ ಪಟ್ಟಿಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸಪ್ಪೊರೊದಿಂದ ಒಂದು ದಿನದ ಟ್ರಿಪ್ ಎಂದು ಕಡಿಮೆ ದರಕ್ಕೆ ಕರೆದೊಯ್ಯುವವರಲ್ಲಿ ಪರ್ಮಿಟ್ಟೇ ಇಲ್ಲದವರೂ ಇದ್ದಾರೆ. ಅಂಥ ಒಂದು ವ್ಯಾನು ನಮ್ಮನ್ನು ಕತ್ತಲಾಗುವ ಹೊತ್ತಿಗೆ ಹೊಲದ ಬದಿಯ ಹಿಮದಲ್ಲಿ ಬಿಟ್ಟು ಹೋಯಿತು. ಜೊತೆಗೆ ಅಮ್ಮ ಇದ್ದರು. ಅವರ ಬಿಪಿ ಮಾತ್ರೆ ಇದ್ದ ಬ್ಯಾಗು ವ್ಯಾನಿನಲ್ಲೇ ಹೋಯಿತು.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಬಿಯೇ ಪ್ರವಾಸಿಗರಿಗಾಗಿ ಕಟ್ಟಿದ ಊರಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಇರುವ ಬೇಸಾಯದ ಊರು. ಏರಿಳಿಯುವ ದಿಬ್ಬಗಳ ಮೇಲೆ ಗೋಧಿ, ಆಲೂಗಡ್ಡೆ, ಸಕ್ಕರೆ ಬೀಟ್, ಕಾಳುಗಳನ್ನು ಒಂದಾದ ಮೇಲೊಂದು ಬದಲಿಸಿ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಒಂದೊಂದು ಹೊಲಕ್ಕೆ ಒಂದೊಂದು ಬಣ್ಣ ಬರುವುದು ಇದರಿಂದಲೇ. ಅಲ್ಲಲ್ಲಿ ಒಂಟಿ ಮರಗಳಿವೆ. 1970ರ ದಶಕದಲ್ಲಿ ಕಾರು ಮತ್ತು ಸಿಗರೇಟು ಕಂಪನಿಗಳು ಇಲ್ಲಿನ ಮರಗಳನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡವು. ಕೆನ್ ಅಂಡ್ ಮೇರಿ ಮರ, ಸೆವೆನ್ ಸ್ಟಾರ್ಸ್ ಮರ ಎಂಬ ಹೆಸರುಗಳು ಬಂದದ್ದು ಹಾಗೆ. ಚಳಿಗಾಲದಲ್ಲಿ ಎಲ್ಲರಿಗೂ ಬೇಕಾಗಿರುವುದು ಬಿಳಿ ಹಿಮದ ನಡುವೆ ಒಂದೇ ನಿಂತಿರುವ ಕ್ರಿಸ್‌ಮಸ್ ಮರ. ಈ ಮರಗಳೆಲ್ಲ ಇರುವುದು ರೈತರ ಜಮೀನಿನಲ್ಲಿ. ರಸ್ತೆಯಲ್ಲಿ ನಿಂತು ನೋಡಬೇಕು, ಅಷ್ಟೇ.

ನನ್ನ ತಮ್ಮ ಯೊಕೊಹಾಮಾದಲ್ಲಿ ಕೆಲಸ ಮಾಡುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಅವನಿಗೆ ರಜೆ ಇತ್ತು. ಅಮ್ಮನಿಗೆ ಹಿಮ ತೋರಿಸಬೇಕೆಂದು ಮೂವರೂ ಸಪ್ಪೊರೊಗೆ ಹೋದೆವು. ಟ್ರಿಪ್ ಬುಕ್ ಮಾಡಿದ್ದು ಆನ್‌ಲೈನ್ ಸೈಟೊಂದರಲ್ಲಿ. ತಲೆಗೆ 8,000 ಯೆನ್. ರಿವ್ಯೂಗಳೆಲ್ಲ ಚೆನ್ನಾಗಿದ್ದವು. ಬೆಳಿಗ್ಗೆ ಹೋಟೆಲ್ ಹತ್ತಿರ ವ್ಯಾನು ಬಂತು. ಬೇರೆ ಬೇರೆ ದೇಶದವರು ಆಗಲೇ ಕೂತಿದ್ದರು. ಗೈಡ್ ಇರುತ್ತಾರೆ ಎಂದು ಬರೆದಿದ್ದರು, ಆದರೆ ಬಂದದ್ದು ಡ್ರೈವರ್ ಒಬ್ಬನೇ.

ಮೊದಲು ಕರೆದುಕೊಂಡು ಹೋಗಿದ್ದು ಬ್ಲೂ ಪಾಂಡ್‌ಗೆ. ಅಲ್ಲಿ ನೀಲಿ ಎಲ್ಲಿಂದ ಬರಬೇಕು? ಚಳಿಗಾಲದಲ್ಲಿ ಆ ಕೊಳ ಹೆಪ್ಪುಗಟ್ಟಿ ಹಿಮದಡಿ ಮುಚ್ಚಿಹೋಗಿರುತ್ತದೆ. 1988ರಲ್ಲಿ ತೊಕಾಚಿ ಜ್ವಾಲಾಮುಖಿ ಸಿಡಿದ ಮೇಲೆ ಕೆಸರಿನ ಪ್ರವಾಹ ತಡೆಯಲು ಒಡ್ಡು ಕಟ್ಟಿದರು, ಅದರ ಹಿಂದೆ ನಿಂತ ನೀರು ಅದು. ನೀಲಿ ನೋಡಬೇಕೆಂದರೆ ಹಿಮ ಕರಗಿದ ಮೇಲೆ ಹೋಗಬೇಕು. ಡಿಸೆಂಬರ್ ಟ್ರಿಪ್ಪಿನ ಜಾಹೀರಾತಿಗೆ ಬೇಸಿಗೆಯ ಫೋಟೋ ಹಾಕುವುದು ಮೋಸವೇ. ಆದರೆ ಇದು ಸಣ್ಣ ವಿಷಯ.

ಕ್ರಿಸ್‌ಮಸ್ ಮರದ ಹತ್ತಿರ ಬಂದಾಗ ಬಿಸಿಲು ಇಳಿಯುತ್ತಿತ್ತು. ಡ್ರೈವರ್ ಕಿರಿದಾದ ರಸ್ತೆಯ ಅಂಚಿಗೆ ವ್ಯಾನು ನಿಲ್ಲಿಸಿದ. ಹಿಮ ತಳ್ಳುವ ಗಾಡಿ ಬಂದರೆ ದಾಟಲು ಜಾಗವೇ ಇರಲಿಲ್ಲ. ಆಮೇಲೆ ಹಿಂದಿನ ಸೀಟಿನವರಿಗೆ ಕೈ ತೋರಿಸಿ, ಮರದ ಹತ್ತಿರಕ್ಕೇ ಹೋಗಿ, ಫೋಟೋ ಚೆನ್ನಾಗಿ ಬರುತ್ತದೆ, ಏನೂ ಆಗಲ್ಲ ಎಂದ. ಒಳಗೆ ಬರಬೇಡಿ ಎಂಬ ಬೋರ್ಡು ಎದುರಿಗೇ ಇತ್ತು. ಇಂಗ್ಲಿಷಿನಲ್ಲೂ ಇತ್ತು. ನಾಲ್ಕೈದು ಜನ ಮೊಣಕಾಲುದ್ದದ ಹಿಮದಲ್ಲಿ ನಡೆದೇಬಿಟ್ಟರು. ನಾವು ಮೂವರು ರಸ್ತೆಯಲ್ಲೇ ನಿಂತೆವು. ಅಮ್ಮನ ಹುಟ್ಟೂರು ಚನ್ನರಾಯಪಟ್ಟಣದ ಕಡೆ, ಜೀವನವೆಲ್ಲ ಹೊಲಗದ್ದೆಯಲ್ಲೇ ಕಳೆದವರು. "ಬಿತ್ತಿರೋ ಹೊಲ ಇದ್ದಂಗೈತೆ ಕಣೋ, ಯಾಕೆ ತುಳೀತಾರೆ?" ಎಂದು ತಮ್ಮನನ್ನು ಕೇಳಿದರು.

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಸಣ್ಣ ಬಿಳಿ ಟ್ರಕ್ಕಿನಲ್ಲಿ ಒಬ್ಬ ವಯಸ್ಸಾದ ರೈತ ಮಹಿಳೆ ಬಂದರು. ಹೊಲದಲ್ಲಿದ್ದವರಿಗೆ ಹೊರಗೆ ಬನ್ನಿ ಎಂದು ಕೂಗಿದರು. ಆಮೇಲೆ ಫೋನ್ ತೆಗೆದು ವ್ಯಾನಿನ ನಂಬರ್ ಪ್ಲೇಟ್ ಫೋಟೋ ತೆಗೆಯಲು ಹೋದರು. ಅದನ್ನು ನೋಡಿದ್ದೇ ತಡ, ಡ್ರೈವರ್ ಹೊಲದಿಂದ ಓಡಿಬಂದವರನ್ನು ಹತ್ತಿಸಿಕೊಂಡು ಹೊರಟ. ನಾವು ಸ್ವಲ್ಪ ದೂರದಲ್ಲಿದ್ದೆವು. ತಮ್ಮ ಕೂಗುತ್ತಾ ಹಿಂದೆ ಓಡಿದ. ವ್ಯಾನು ನಿಲ್ಲಲಿಲ್ಲ. ಒಂದು ಸುತ್ತು ಹಾಕಿ ಬರುತ್ತಾನೆ ಎಂದುಕೊಂಡೆವು. ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ. ಸ್ಟೇಷನ್ ಹಲವು ಕಿಲೋಮೀಟರ್ ದೂರ. ರಸ್ತೆಯಲ್ಲಿ ದೀಪ ಇಲ್ಲ, ಬಸ್ಸಿಲ್ಲ, ಕೈ ತೋರಿಸಿದರೆ ನಿಲ್ಲುವ ಆಟೋ ಇಲ್ಲ. ಅಮ್ಮನಿಗೆ ಅರವತ್ತೈದು ದಾಟಿದೆ. ಆ ಮನುಷ್ಯ ಅವರನ್ನು ಅಲ್ಲಿ ಬಿಟ್ಟು ಹೋದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮನ್ನು ಕಾಪಾಡಿದ್ದು ಬೈಯಲು ಎಲ್ಲ ಹಕ್ಕೂ ಇದ್ದ ಆ ರೈತ ಮಹಿಳೆ. ಅಮ್ಮನನ್ನು ತಮ್ಮ ಟ್ರಕ್ಕಿನಲ್ಲಿ ಕೂರಿಸಿ ಹೀಟರ್ ಹಾಕಿದರು. ಊರಿನ ಟ್ಯಾಕ್ಸಿಯವರಿಗೆ ಫೋನ್ ಮಾಡಿದರು. ಟ್ಯಾಕ್ಸಿ ಬರುವವರೆಗೆ ತಮ್ಮನಿಗೆ ಹೇಳುತ್ತಾ ಹೋದರು, ಅವನು ನಮಗೆ ಕನ್ನಡದಲ್ಲಿ ಹೇಳಿದ. ಆ ಹಿಮದ ಕೆಳಗೆ ಸೆಪ್ಟೆಂಬರಿನಲ್ಲಿ ಬಿತ್ತಿದ ಗೋಧಿ ಇತ್ತು. ಸಡಿಲವಾಗಿ ಬಿದ್ದ ಹಿಮ ನೆಲಕ್ಕೆ ಚಳಿ ಇಳಿಯದಂತೆ ತಡೆಯುತ್ತದೆ. ತುಳಿದರೆ ಹಿಮ ಒತ್ತಿ ಗಟ್ಟಿಯಾಗುತ್ತದೆ, ಒಳಗಿನ ಗಾಳಿ ಹೋಗುತ್ತದೆ, ಚಳಿ ನೇರವಾಗಿ ಸಸಿಗೆ ತಗಲುತ್ತದೆ. ಹೆಜ್ಜೆ ಬಿದ್ದ ಕಡೆ ಹಿಮ ತಡವಾಗಿ ಕರಗುತ್ತದೆ. ಅಷ್ಟರಲ್ಲಿ ಸಸಿಗೆ ರೋಗ ಬರುತ್ತದೆ. ತುಳಿದವರಿಗೆ ಇದೇನೂ ಕಾಣುವುದಿಲ್ಲ. ಅವರು ಊರು ಸೇರಿ ತಿಂಗಳುಗಳಾದ ಮೇಲೆ, ಏಪ್ರಿಲ್ ಹೊತ್ತಿಗೆ ರೈತರಿಗೆ ಕಾಣುತ್ತದೆ.

ಬೇಸಿಗೆಯಲ್ಲಿ ಇನ್ನೂ ಕೆಟ್ಟದ್ದು. ಆಲೂಗಡ್ಡೆಯ ಬೇರಿಗೆ ಬರುವ ಜಂತುಹುಳು ಶೂಗೆ ಅಂಟಿದ ಮಣ್ಣಿನಲ್ಲಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. ಜಪಾನಿನಲ್ಲಿ ಅದು ಮೊದಲು ಸಿಕ್ಕಿದ್ದು ಹೊಕ್ಕೈಡೊದಲ್ಲೇ, 1972ರಲ್ಲಿ. ಒಮ್ಮೆ ಮಣ್ಣಿಗೆ ಸೇರಿದರೆ ಹತ್ತು ವರ್ಷ ಕಳೆದರೂ ಮೊಟ್ಟೆಗಳು ಜೀವಂತ ಇರುತ್ತವೆ. ಬಿತ್ತನೆ ಆಲೂಗಡ್ಡೆ ಬೆಳೆಯುವವರಿಗೆ ಅಲ್ಲಿಗೆ ಬದುಕೇ ನಿಂತಂತೆ. ಪ್ರವಾಸಿಗರ ಕಾಟ ತಡೆಯಲಾಗದೆ 2016ರ ಫೆಬ್ರವರಿಯಲ್ಲಿ ಒಬ್ಬ ರೈತರು ತಮ್ಮ ಜಮೀನಿನಲ್ಲಿದ್ದ ಹೆಸರುವಾಸಿ 'ತತ್ವಜ್ಞಾನಿ ಮರ'ವನ್ನೇ ಕಡಿಸಿದರು. ವಯಸ್ಸಾಗಿ ವಾಲಿದ್ದ ಪಾಪ್ಲರ್ ಮರ ಅದು. 2025ರ ಜನವರಿಯಲ್ಲಿ ಸೆವೆನ್ ಸ್ಟಾರ್ಸ್ ಮರದ ಹತ್ತಿರ ಸಾಲಾಗಿ ನಿಂತಿದ್ದ ಸುಮಾರು 40 ಬರ್ಚ್ ಮರಗಳೂ ಹೋದವು. ಬೆಳೆಗೆ ನೆರಳು ಬೀಳುತ್ತಿದ್ದದ್ದು ಒಂದು ಕಾರಣ, ಅಡ್ಡಾದಿಡ್ಡಿ ನಿಲ್ಲುವ ಪ್ರವಾಸಿಗರ ವಾಹನಗಳು ಇನ್ನೊಂದು. ಅಲ್ಲಿನ ರೈತರಿಗೂ ಆ ಮರಗಳ ಮೇಲೆ ಪ್ರೀತಿ ಇಲ್ಲದೆ ಇರುತ್ತದಾ?

ಈಗ ನೀವು ಮಾಡಬೇಕಾದ್ದು. ವ್ಯಾನು ಹತ್ತುವ ಮೊದಲು ನಂಬರ್ ಪ್ಲೇಟ್ ನೋಡಿ. ನಮ್ಮಲ್ಲಿ ಬಾಡಿಗೆ ಗಾಡಿಗೆ ಯೆಲ್ಲೋ ಬೋರ್ಡ್ ಇದ್ದ ಹಾಗೆ ಜಪಾನಿನಲ್ಲಿ ಹಸಿರು ಪ್ಲೇಟ್ ಇರುತ್ತದೆ, ಅಂಕಿಗಳು ಬಿಳಿ. ಬಿಳಿ ಪ್ಲೇಟಿನ ಮೇಲೆ ಹಸಿರು ಅಂಕಿ ಇದ್ದರೆ ಅದು ಸ್ವಂತ ಗಾಡಿ, ಇಲ್ಲವೇ ರೆಂಟಲ್ ಕಾರು. ಅದರಲ್ಲಿ ದುಡ್ಡು ಪಡೆದು ಜನರನ್ನು ಕರೆದೊಯ್ಯುವುದು ಅಪರಾಧ. ಮೂರು ವರ್ಷದವರೆಗೆ ಜೈಲು, 30 ಲಕ್ಷ ಯೆನ್‌ವರೆಗೆ ದಂಡ ಇದೆ. ಬಾಡಿಗೆ ಓಡಿಸುವ ಡ್ರೈವರ್‌ಗೆ ಬೇರೆಯದೇ ಲೈಸೆನ್ಸ್ ಬೇಕು. ಹಿಮದ ರಸ್ತೆಯಲ್ಲಿ ಅಪಘಾತವಾದರೆ ಇಂಥ ಗಾಡಿಯ ಇನ್ಶೂರೆನ್ಸ್ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ಬಿಳಿ ಪ್ಲೇಟ್ ಕಂಡರೆ ಅಲ್ಲೇ ಕ್ಯಾನ್ಸಲ್ ಮಾಡಿ. ದುಡ್ಡು ಹೋದರೂ ಪರವಾಗಿಲ್ಲ.

ಪ್ಲೇಟಿನ ಫೋಟೋ ಹೇಗಿದ್ದರೂ ತೆಗೆದಿಟ್ಟುಕೊಳ್ಳಿ. ತಮ್ಮ ಬೆಳಿಗ್ಗೆ ಸುಮ್ನೆ ವ್ಯಾನಿನ ಮುಂದೆ ಅಮ್ಮನ ಫೋಟೋ ತೆಗೆದಿದ್ದ, ಅದರಲ್ಲಿ ನಂಬರ್ ಇತ್ತು. ಪೊಲೀಸರಿಗೆ ಕೊಡಲು ನಮ್ಮ ಹತ್ತಿರ ಇದ್ದದ್ದು ಅದೊಂದೇ. ಪಾಸ್‌ಪೋರ್ಟ್ ಯಾವಾಗಲೂ ಮೈಮೇಲೆ ಇರಲಿ, ಪ್ರವಾಸಿಗರು ಅದನ್ನು ಜೊತೆಗಿಟ್ಟುಕೊಂಡೇ ಓಡಾಡಬೇಕು ಎಂಬುದು ಅಲ್ಲಿನ ಕಾನೂನು ಕೂಡ. ಮಾತ್ರೆ, ಸ್ವಲ್ಪ ನಗದು, ಪವರ್ ಬ್ಯಾಂಕ್ ಜಾಕೆಟ್ಟಿನಲ್ಲೇ ಇರಲಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119.

ಬ್ಯಾಗು ಆಮೇಲೆ ಹೋಟೆಲಿನ ರಿಸೆಪ್ಷನ್‌ನಲ್ಲಿ ಸಿಕ್ಕಿತು, ಯಾರೋ ಇಟ್ಟು ಹೋಗಿದ್ದರಂತೆ. ದುಡ್ಡು ಬರಲಿಲ್ಲ. ಆ ಟ್ರಿಪ್ಪಿನ ಪುಟವೇ ಸೈಟಿನಿಂದ ಮಾಯವಾಗಿದೆ. ಮಾರಿದವರು ಖಾತೆ ಮುಚ್ಚಿದ್ದಾರೆ, ನಾವೇನೂ ಮಾಡಲಾಗದು ಎಂದು ಸೈಟಿನವರು ಉತ್ತರ ಕೊಟ್ಟರು. ಇನ್ನೊಂದು ಹೆಸರಿನಲ್ಲಿ ಮತ್ತೆ ಶುರು ಮಾಡಿರಬಹುದು, ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಬಿಯೇಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ಚೆಂದದ ಊರು. ಸಪ್ಪೊರೊದಿಂದ ಅಸಾಹಿಕಾವಾಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಫುರಾನೊ ಲೈನಿನ ಪುಟ್ಟ ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಸ್ಟೇಷನ್ ಪಕ್ಕದಲ್ಲೇ ಪ್ರವಾಸಿ ಮಾಹಿತಿ ಕೇಂದ್ರ ಇದೆ. ಅಲ್ಲಿ ಕೇಳಿ ಊರಿನದೇ ಟ್ಯಾಕ್ಸಿ ಮಾಡಿಕೊಳ್ಳಿ. ಎಲ್ಲಿ ನಿಲ್ಲಿಸಬಹುದು, ಎಲ್ಲಿ ಬಾರದು ಎಂದು ಅವರಿಗೆ ಗೊತ್ತು, ಮತ್ತೆ ನಿಮ್ಮ ದುಡ್ಡು ಆ ಊರಿಗೇ ಸೇರುತ್ತದೆ. ದರ ಜಾಸ್ತಿ ಅನಿಸಬಹುದು, ಆದರೆ ನಾಲ್ಕು ಜನ ಹಂಚಿಕೊಂಡರೆ ಭಾರ ಆಗುವುದಿಲ್ಲ. ರೈಲುಗಳು ಕಡಿಮೆ, ಒಂದು ತಪ್ಪಿದರೆ ಇನ್ನೊಂದಕ್ಕೆ ತುಂಬಾ ಹೊತ್ತು ಕಾಯಬೇಕಾಗುತ್ತದೆ. ವಾಪಸ್ ಬರುವ ರೈಲಿನ ಸಮಯವನ್ನು ಇಳಿದ ತಕ್ಷಣ ಸ್ಟೇಷನ್‌ನಲ್ಲೇ ಬರೆದುಕೊಂಡು ಟ್ಯಾಕ್ಸಿಯವರಿಗೂ ತೋರಿಸಿ.