ಕೆಂಪು ಫೋನು ಮತ್ತು ಒಂದು ಉಗುರುಸುತ್ತು

ಗೆಳತಿ ಓದಲು ಕೊಟ್ಟ ಈ ಪುಸ್ತಕ ತಿರುವಿದಾಗ ಪ್ರಿಂಟಿಂಗ್ ಕೆಟ್ಟಿದೆ ಅಂದುಕೊಂಡೆ. ಎಡಗಡೆ ಪುಟಗಳು ಕಪ್ಪು, ಅಕ್ಷರ ಬಿಳಿ. ಕೊನೆಕೊನೆಗೆ ಅಕ್ಷರ ಎಷ್ಟು ಮಂಕು ಅಂದರೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಓದಬೇಕು. ಬೇಕಂತಲೇ ಹಾಗೆ ಮಾಡಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಇದು ಫ್ರಾನ್ಸಿನ ಕಲಾವಿದೆ ಸೋಫಿ ಕಾಲ್ ಅವರ ‘ಎಕ್ಸ್‌ಕ್ವಿಸಿಟ್ ಪೇನ್’. 1984ರಲ್ಲಿ ಅವರು ಮೂರು ತಿಂಗಳಿಗೆಂದು ಜಪಾನಿಗೆ ಹೊರಡುತ್ತಾರೆ. ಪ್ರೀತಿಸಿದವನು ಆಮೇಲೆ ದೆಹಲಿಗೆ ಬಂದು ಸೇರಿಕೊಳ್ಳಬೇಕು. 1985ರ ಜನವರಿ, ಇಂಪೀರಿಯಲ್ ಹೋಟೆಲ್, ರೂಮ್ ನಂಬರ್ 261. ಅವನು ಬರಲಿಲ್ಲ. ಅಪಘಾತ, ಆಸ್ಪತ್ರೆ ಅಂತ ಒಂದು ಸಂದೇಶ ಬಂತು. ಗಾಬರಿಯಾಗಿ ಗಂಟೆಗಟ್ಟಲೆ ಫೋನು ಹಚ್ಚಿದರೆ, ಆಗಿದ್ದು ಉಗುರುಸುತ್ತು! ನಮ್ಮಲ್ಲಿ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡ್ತಾರಲ್ಲ, ಅದೇ. ಅಸಲಿ ವಿಷಯ, ಅವನಿಗೆ ಇನ್ನೊಬ್ಬಳು ಸಿಕ್ಕಿದ್ದಳು.

ಮೊದಲ ಭಾಗ ಪ್ರಯಾಣದ ಫೋಟೋಗಳು. ಒಂದೊಂದರ ಮೇಲೂ ಕೆಂಪು ಮೊಹರು: ದುಃಖಕ್ಕೆ ಇನ್ನು 92 ದಿನ, 91, 90... ಸ್ವಲ್ಪ ಎಳೆದಾಟ ಅನ್ನಿಸಿತು. ಆದರೆ ಎರಡನೇ ಭಾಗಕ್ಕೆ ಬಂದ ಮೇಲೆ ಪುಸ್ತಕ ಕೆಳಗಿಡಲಿಲ್ಲ. ಪ್ಯಾರಿಸ್ಸಿಗೆ ವಾಪಸಾದ ಸೋಫಿ ಕಂಡಕಂಡವರಿಗೆಲ್ಲ ಇದೇ ಕಥೆ ಹೇಳುತ್ತಾರೆ. ‘ನೀವು ಅತಿ ಹೆಚ್ಚು ನೊಂದಿದ್ದು ಯಾವಾಗ?’ ಅಂತ ತಿರುಗಿ ಕೇಳುತ್ತಾರೆ. ಎಡಕ್ಕೆ ಪ್ರತಿ ಸಲವೂ ಹೋಟೆಲ್ ಹಾಸಿಗೆ ಮೇಲಿನ ಅದೇ ಕೆಂಪು ಫೋನು, ಅವರ ಕಥೆ. ಬಲಕ್ಕೆ ಬೇರೆಯವರದು. ಆ ನೋವುಗಳ ಪಕ್ಕ ಉಗುರುಸುತ್ತಿನ ಕಥೆ ಚಿಕ್ಕದಾಗುತ್ತಾ, ಮಂಕಾಗುತ್ತಾ ಹೋಗುತ್ತದೆ. ಮೂರು ತಿಂಗಳಲ್ಲಿ ಅವರಿಗೇ ಸಾಕಾಯಿತು. ಆದರೂ ನೋವು ಮರುಕಳಿಸೀತೆಂಬ ಭಯಕ್ಕೆ ಹದಿನೈದು ವರ್ಷ ಇದನ್ನು ಮುಟ್ಟಲಿಲ್ಲವಂತೆ.

ನಮ್ಮಪ್ಪ ತೀರಿಕೊಂಡಾಗ ಅಮ್ಮನೂ ಹೀಗೇ. ಮಾತಾಡಿಸೋಕೆ ಬಂದವರಿಗೆಲ್ಲ ‘ಕಾಫಿ ಕೇಳಿದ್ರು, ಲೋಟ ತಗೊಂಡು ಬರೋದ್ರಲ್ಲಿ...’ ಅಂತ ಶುರು. ಮೊದಲ ದಿನ ಅರ್ಧ ಗಂಟೆ. ಡಿಕಾಕ್ಷನ್ ಸೋಸಿದ್ದು, ಹಾಲು ಉಕ್ಕಿದ್ದು ಎಲ್ಲಾ ಇತ್ತು. ವೈಕುಂಠ ಸಮಾರಾಧನೆ ಹೊತ್ತಿಗೆ ‘ಬೆಳಗ್ಗೆ ಆಗೋಯ್ತು’ ಅಷ್ಟೇ. ಎಷ್ಟು ಸಲ ಅಂತ ಹೇಳ್ತಾಳೆ ಅಂತ ಆಗ ರೇಗಿದ್ದೆ.

ಇಂಗ್ಲಿಷ್ ಸುಲಭವಾಗಿದೆ. ಒಂದೇ ಕೂತಲ್ಲಿ ಓದಬೇಡಿ, ದಿನಕ್ಕೆ ನಾಲ್ಕು ಪುಟ ಸಾಕು.

ನಿನ್ನೆ ಅಮ್ಮ ಕನ್ನಡಕ ಏರಿಸಿಕೊಂಡು ತಿರುವಿ ಹಾಕಿದಳು. ‘ಇದೇನೇ, ಎಲ್ಲಾ ಕಡೆ ಅದೇ ಫೋನು? ಇದಕ್ಕೂ ದುಡ್ಡು ಕೊಟ್ಟಿದ್ದೀಯಾ?’